ಜಾತಿಗೆ ಸಾಕ್ಷಿ ಸಭೆಯೇ ಹೇಳಬೇಕು

ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಆದಿದ್ರಾವಿಡ ಕ್ರೈಸ್ತರು ಕೇಳಿದ್ದು ದೊಡ್ಡದೇನಲ್ಲ. ಬೀದಿಯಲ್ಲಿ ಕೂತು ದುಡಿಯುವ ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಉಚಿತವಾಗಿ ಕೊಡುತ್ತಿದ್ದ ಪೆಟ್ಟಿಗೆ ಅಂಗಡಿ ತಮಗೂ ಬೇಕು ಎಂದರು. ಧರ್ಮದ ಕಾರಣಕ್ಕೆ ಅದು ಸಿಗಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, 1985ರಲ್ಲಿ ಅರ್ಜಿ ಬಿದ್ದುಹೋಯಿತು. ಕ್ರೈಸ್ತರಾದ ಮೇಲೂ ಜಾತಿಯ ಬಾಧೆ ಅಷ್ಟೇ ಕ್ರೂರವಾಗಿ ಮುಂದುವರಿದಿದೆ ಎಂದು ತೋರಿಸುವಷ್ಟು ಆಧಾರ ತನ್ನ ಮುಂದಿಲ್ಲ ಎಂದು ನ್ಯಾಯಾಲಯ ಹೇಳಿತು.

ಆಧಾರ ಇರಲಿಲ್ಲವೇ? ಇತ್ತು. ನಮ್ಮ ದೇವಾಲಯಗಳಲ್ಲಿತ್ತು, ನಮ್ಮ ಸ್ಮಶಾನಗಳಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳಬೇಕಾದ ಕ್ರೈಸ್ತ ಸಭೆ ಹೇಳಲಿಲ್ಲ.

1950ರ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆದೇಶದ ಮೂರನೇ ಪ್ಯಾರಾ, ಹಿಂದೂ ಅಲ್ಲದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಸಿದ್ಧಾಂತದಲ್ಲಿ ಜಾತಿಯನ್ನು ನಿರಾಕರಿಸುವ ಧರ್ಮಗಳು ಇವೂ ಹೌದು. ಆದರೂ ಅವುಗಳನ್ನು ಸೇರಿದ ದಲಿತರು ಊರಿನ ಕಣ್ಣಿಗೆ ದಲಿತರಾಗಿಯೇ ಉಳಿದಿದ್ದಾರೆಂದು ಸರ್ಕಾರ ಒಪ್ಪಿತು. ಕ್ರೈಸ್ತರ ಮತ್ತು ಮುಸ್ಲಿಮರ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. ಮೂರನೇ ಪ್ಯಾರಾವನ್ನೇ ಕಿತ್ತುಹಾಕಿ ಎಂದು ರಂಗನಾಥ ಮಿಶ್ರ ಆಯೋಗ 2007ರಲ್ಲಿ ಶಿಫಾರಸು ಮಾಡಿತು; ಸರ್ಕಾರ ಅದನ್ನು ಜಾರಿ ಮಾಡುವ ಬದಲು 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ಇದು ಬರೀ ಮೀಸಲಾತಿಯ ಪ್ರಶ್ನೆಯಲ್ಲ. ಜಾತಿ ಹಿಡಿದು ಬೈದವರ ಮೇಲೆ, ಹೊಡೆದವರ ಮೇಲೆ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡುವ ಹಕ್ಕೂ ಪರಿಶಿಷ್ಟ ಜಾತಿಯ ಸ್ಥಾನದ ಜೊತೆಗೇ ಹೋಗುತ್ತದೆ. ಬೈಯುವವನು ಯಾರ ಜ್ಞಾನಸ್ನಾನದ ದಾಖಲೆಯನ್ನೂ ನೋಡಿ ಬೈಯುವುದಿಲ್ಲ.

ಈ ಆದೇಶ ಅನ್ಯಾಯ. ಅದನ್ನು ಬದಲಿಸಲೇಬೇಕು. ಆದರೆ ಅದನ್ನು ಕೇಳುವ ಸಭೆ ತನ್ನ ಅಂಗಳದಲ್ಲಿ ಏನು ಮಾಡಿದೆ?

ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸಲು ಗೋಡೆ ಕಟ್ಟಿದರು. ಸತ್ತವರೆಲ್ಲ ಕ್ರಿಸ್ತನಲ್ಲಿ ಒಟ್ಟಿಗೆ ಏಳುತ್ತಾರೆಂದು ಪ್ರತಿ ಭಾನುವಾರ ವಿಶ್ವಾಸ ಸಂಗ್ರಹ ಹೇಳುವ ಜನ ಕಟ್ಟಿದ ಗೋಡೆ ಅದು. ಅಂದಿನ ವಿಲ್ಲುಪುರಂ ಜಿಲ್ಲೆಯ ಎರೈಯೂರಿನಲ್ಲಿ ದಲಿತ ಕ್ರೈಸ್ತರು ತಮಗೆ ಪ್ರತ್ಯೇಕ ಧರ್ಮಕೇಂದ್ರ ಬೇಕೆಂದು ಕೇಳಿದಾಗ, 2008ರ ಮಾರ್ಚ್‌ನಲ್ಲಿ ಘರ್ಷಣೆ ನಡೆದು ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಎರಡೂ ಕಡೆಯವರು ಒಂದೇ ಬಲಿಪೂಜೆಯವರು. ತಮಿಳುನಾಡಿನ ಕಥೆ ಅದು, ನಮ್ಮಲ್ಲಿ ಇಲ್ಲ ಎನ್ನುವವರು ನಮ್ಮ ಕರಾವಳಿಯಲ್ಲಿ ಒಂದು ಮದುವೆಯ ಮಾತುಕತೆಗೆ ಕೂತು ನೋಡಲಿ. ಮತಾಂತರವಾಗಿ ಶತಮಾನಗಳು ಕಳೆದರೂ ಬಾಮಣ್, ಚಾರಡಿ, ಶುದಿರ್ ಎಂಬ ಜಾತಿಯ ಲೆಕ್ಕ ಎಷ್ಟೋ ಮನೆಗಳಲ್ಲಿ ಇನ್ನೂ ಮುಗಿದಿಲ್ಲ.

ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ದಲಿತ ಸಬಲೀಕರಣ ನೀತಿಯೊಂದನ್ನು ಪ್ರಕಟಿಸಿ, ಸಭೆಯೊಳಗೆ ಜಾತಿ ತಾರತಮ್ಯ ಇದೆಯೆಂದು ಒಪ್ಪಿಕೊಂಡಿತು. ಸೂಸೈ ಪ್ರಕರಣದಲ್ಲಿ ನ್ಯಾಯಾಲಯ ಕೇಳಿದ ಆಧಾರದ ಒಂದು ಭಾಗ ಸಭೆಯ ಕೈಯಿಂದಲೇ ಬಂತು, ಮೂವತ್ತು ವರ್ಷ ತಡವಾಗಿ. ಆ ನೀತಿಯನ್ನು ಎಷ್ಟು ಧರ್ಮಕೇಂದ್ರಗಳಲ್ಲಿ ಓದಿ ಹೇಳಿದ್ದಾರೆ? ನಿಮ್ಮ ಪ್ರವಚನ ಪೀಠದಿಂದ ಅದರ ಹೆಸರು ಕೇಳಿದ್ದೀರಾ?

ಈ ಮಾತು ಎತ್ತಿದಾಗಲೆಲ್ಲ ಒಳಗಿನವರ ಉತ್ತರ ಸಿದ್ಧವಿರುತ್ತದೆ: ‘ಈಗ ಬೇಡ. ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯುತ್ತಿರುವಾಗ ಮನೆಯ ಹುಳುಕನ್ನು ಹೊರಗೆ ಹಾಕಬೇಡಿ.’ 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಇಗರ್ಜಿಗಳಲ್ಲಿ ಏನಾಯಿತೆಂದು ನಮಗೆ ಗೊತ್ತಿದೆ. ಆ ಭಯ ಸುಳ್ಳಲ್ಲ. ಆದರೆ ಆ ಭಯದ ಬೆಲೆಯನ್ನು ದಲಿತ ಕ್ರೈಸ್ತನೇ ಏಕೆ ತೆರಬೇಕು? ‘ನಿಮ್ಮಲ್ಲಿ ಜಾತಿ ಇಲ್ಲವಲ್ಲ, ಮತ್ತೇಕೆ ಮೀಸಲಾತಿ’ ಎಂದು ಹೊರಗಿನವರು ಕೇಳುತ್ತಾರೆ. ‘ನಮ್ಮಲ್ಲಿ ಜಾತಿ ಇಲ್ಲ’ ಎಂದು ಒಳಗಿನವರು ಹೇಳುತ್ತಾರೆ. ಎರಡೂ ಕಡೆಯವರು ಸೇರಿ ಒಬ್ಬನೇ ಮನುಷ್ಯನ ಬಾಯಿ ಮುಚ್ಚಿಸುತ್ತಿದ್ದಾರೆ.

2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಯ ಹೆಸರಿನೊಂದಿಗೆ ಕ್ರಿಶ್ಚಿಯನ್ ಎಂದು ಸೇರಿದ್ದ ಹೆಸರುಗಳ ಮೇಲೆ ಗದ್ದಲವೆದ್ದಿತು. ಅದು ಸಮಾಜ ಒಡೆಯುವ ಸಂಚು ಎಂದು ವಿರೋಧಿಗಳು ಕೂಗಿದರು; ಹಿಂದುಳಿದ ವರ್ಗಗಳ ಆಯೋಗ ಆ ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದಂತೆ ಮಾಡಿತು. ಪಟ್ಟಿಯಲ್ಲಿ ಕಾಣದ ಜಾತಿ ಬೀದಿಯಲ್ಲಿ ಕಾಣದೇ ಇರುವುದಿಲ್ಲ. ಹೊಲೆಯ, ಮಾದಿಗ ಮೂಲದ ಕ್ರೈಸ್ತರು ಈ ನಾಡಿನಲ್ಲಿದ್ದಾರೆ. ಅವರ ಬಡತನವನ್ನು ಎಣಿಸುವ ಕೆಲಸಕ್ಕೆ ಹೆದರುವವರು ಯಾರ ಹಿತ ಕಾಯುತ್ತಿದ್ದಾರೆ?

ನ್ಯಾಯಕ್ಕೆ ನಿಲ್ಲುವುದೆಂದರೆ ನಮ್ಮವರಿಗಾಗಿ ಮಾತ್ರ ನಿಲ್ಲುವುದೂ ಅಲ್ಲ. 1975ರಿಂದ ಒಂದು ದಶಕ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದ ಯೇಸುಸಭೆಯ ಗುರು ಸ್ಟ್ಯಾನ್ ಸ್ವಾಮಿ, ಆಮೇಲೆ ಜಾರ್ಖಂಡ್‌ಗೆ ಹೋಗಿ ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರವಾಗಿ ಹೈಕೋರ್ಟಿಗೆ ಹೋದರು. ಆ ಯುವಕರ ಧರ್ಮ ಯಾವುದೆಂದು ಕೇಳಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಸ್ವಾಮಿಯವರನ್ನೇ ಬಂಧಿಸಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಮುದುಕ ನೀರು ಕುಡಿಯಲು ಒಂದು ಸಿಪ್ಪರ್‌ಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನು ಸಿಗದೆಯೇ, 84ನೇ ವಯಸ್ಸಿನಲ್ಲಿ ಸತ್ತರು. ಅವರ ಭಾವಚಿತ್ರಕ್ಕೆ ಹೂ ಹಾಕುವ ಸಭೆಗಳು ಈಗ ಹಲವು. ಅವರು ಮಾಡಿದ ಕೆಲಸ ಕೈಗೆತ್ತಿಕೊಂಡವು ಕೆಲವೇ.

ಆದ್ದರಿಂದ ಕರ್ನಾಟಕದ ಧರ್ಮಾಧ್ಯಕ್ಷರಿಗೆ, ಸಿಎಸ್ಐ ಬಿಷಪರಿಗೆ, ಪಾಸ್ಟರುಗಳಿಗೆ ನನ್ನ ಮನವಿ ಇಷ್ಟು. ನಿಮ್ಮ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ದಲಿತ ಕ್ರೈಸ್ತರು ಎಷ್ಟು ಜನ, ಯಾವ ಹುದ್ದೆಗಳಲ್ಲಿದ್ದಾರೆ ಎಂಬುದನ್ನು ಬಹಿರಂಗಪಡಿಸಿ. ಸ್ಮಶಾನದಲ್ಲಿ, ತೇರಿನಲ್ಲಿ, ಪಾಲನಾ ಸಮಿತಿಯಲ್ಲಿ ಎಲ್ಲೆಲ್ಲಿ ಭೇದವಿದೆಯೋ ಅದನ್ನೆಲ್ಲ ದಾಖಲಿಸಿ, ಸಹಿ ಹಾಕಿ, ಬಾಲಕೃಷ್ಣನ್ ಆಯೋಗಕ್ಕೂ ಸುಪ್ರೀಂ ಕೋರ್ಟಿಗೂ ನೀವೇ ಒಪ್ಪಿಸಿ.