ಸ್ಮಾರ್ಟ್ ಮೀಟರ್ ಬರ್ಲಿ, ಮೊದಲು ನಮ್ಮ ಟಿಸಿ ಉಳಿಸ್ಕೊಳ್ಳೋಣ

ಹೋದ ಬೇಸಿಗೆಯಲ್ಲಿ ನಮ್ಮ ತೋಟದ ಟಿಸಿ ಸುಟ್ಟುಹೋಯ್ತು. ಬೇರೆ ಟಿಸಿ ಬರೋಕೆ ಎಂಟು ದಿನ ಹಿಡೀತು. ಅಷ್ಟರಲ್ಲಿ ಹೂ ಬಿಟ್ಟಿದ್ದ ಅರ್ಧ ಎಕರೆ ಬೀನ್ಸ್ ಒಣಗಿತು. ಸಿಟ್ಟಲ್ಲಿ ಲೈನ್‌ಮನ್ ಅಣ್ಣನ ಹತ್ರ ಜಗಳಕ್ಕೆ ಹೋದೆ. ಅವರು ಕೇಳಿದ್ದು ಒಂದೇ ಮಾತು: "ಈ ಟಿಸಿ ಮೇಲೆ ಎಷ್ಟು ಆಟೋ ಸ್ಟಾರ್ಟರ್ ಇದಾವೆ ಅಂತ ಎಣಿಸಿದ್ಯಾ?"

ಆಮೇಲೆ ಎಣಿಸಿದೆ. 63 ಕೆವಿಎ ಟಿಸಿ. ಅದರ ಮೇಲೆ 5 ಎಚ್‌ಪಿಯ ಹತ್ತು ಮೋಟಾರು, ನಾಲ್ಕು ತೋಟದ ಮನೆ. ಹತ್ತು ಮೋಟಾರಿಗೂ ಆಟೋ ಸ್ಟಾರ್ಟರ್! ಮೋಟಾರು ಓಡುವಾಗ ಎಳೆಯೋ ಕರೆಂಟಿಗಿಂತ ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಹೆಚ್ಚು ಎಳೆಯುತ್ತೆ. ತ್ರೀ ಫೇಸ್ ಬಂದ ತಕ್ಷಣ ಹತ್ತೂ ಒಟ್ಟಿಗೆ ಎದ್ದರೆ ಟಿಸಿ ತಾನೇ ಏನು ಮಾಡುತ್ತೆ? ವೋಲ್ಟೇಜ್ ಬೀಳುತ್ತೆ, ಟ್ರಿಪ್ ಆಗುತ್ತೆ, ಮತ್ತೆ ಕರೆಂಟ್ ಬಂದಾಗ ಮತ್ತೆ ಅದೇ ಕಥೆ.

ಈಗ ಹತ್ತು ಮನೆಯವರೂ ಸೇರಿ ಎಲೆಕ್ಟ್ರಿಷಿಯನ್ ಕೈಲಿ ಸ್ಟಾರ್ಟರ್‌ಗಳಿಗೆ ಟೈಮರ್ ಹಾಕಿಸಿದ್ದೀವಿ. ಒಂದು ಮೋಟಾರು ಎದ್ದ ಎರಡು ನಿಮಿಷಕ್ಕೆ ಇನ್ನೊಂದು. ಯಾರ ತೋಟಕ್ಕೆ ಇವತ್ತು ನೀರು ಬೇಡವೋ ಅವರು ವಾಟ್ಸಾಪ್ ಗುಂಪಲ್ಲಿ ಹೇಳಿ ಆಫ್ ಮಾಡ್ತಾರೆ.

ಸ್ಮಾರ್ಟ್ ಗ್ರಿಡ್‌ನ ಮುಖ್ಯ ಕೆಲಸವೂ ಹೆಚ್ಚುಕಮ್ಮಿ ಇದೇ. ಎಲ್ಲಿ, ಯಾವಾಗ ಎಷ್ಟು ಲೋಡ್ ಇದೆ ಅಂತ ಮೀಟರ್ ಹೇಳುತ್ತೆ. ಅದನ್ನ ನೋಡಿ ಲೋಡ್ ಹಂಚುತ್ತಾರೆ. ಆದರೆ ಸರದಿ ಪಾಲಿಸೋದು ಮೀಟರ್ ಅಲ್ಲ, ನಾವು. ಆ ಅಭ್ಯಾಸ ಇಲ್ಲದಿದ್ದರೆ ಎಂಥ ಮೀಟರ್ ಬಂದರೂ ಅಷ್ಟೇ.

"10 ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ, ಮನೆಗೆ ಗೃಹಜ್ಯೋತಿ ಇದೆ, ನಮಗ್ಯಾಕೆ ಈ ಲೆಕ್ಕ?" ಅಂತ ನಮ್ಮ ದೊಡ್ಡಪ್ಪ ಕೇಳ್ತಾರೆ. ಬಿಲ್ ಸೊನ್ನೆ ಇರಬಹುದು, ಆದರೆ ತಂತಿ ಹೊರೋ ಭಾರ ಸೊನ್ನೆ ಆಗಲ್ಲ. ಗೃಹಜ್ಯೋತಿಗೂ 200 ಯೂನಿಟ್ಟಿನ ಮಿತಿ ಇದೆ.

ಮನೆ ಲೆಕ್ಕ ಸುಲಭ. 1000 ವ್ಯಾಟಿನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 75 ವ್ಯಾಟಿನ ಹಳೇ ಫ್ಯಾನ್ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿ ದಿನಕ್ಕೆ ಹತ್ತು ಗಂಟೆ ಓಡಿಸಿದರೆ ತಿಂಗಳಿಗೆ ಹದಿಮೂರು ಯೂನಿಟ್ ಉಳಿಯುತ್ತೆ. ಗ್ರೈಂಡರ್, ವಾಷಿಂಗ್ ಮೆಷಿನ್, ಔಷಧಿ ಹೊಡೆಯೋ ಬ್ಯಾಟರಿ ಪಂಪಿನ ಚಾರ್ಜಿಂಗ್, ಇವನ್ನೆಲ್ಲ ಸಂಜೆ ಆರರಿಂದ ಹತ್ತರ ಒಳಗೆ ಇಟ್ಕೋಬೇಡಿ. ಸೋಲಾರ್ ಕರೆಂಟ್ ಹೇರಳವಾಗಿರೋ ಹಗಲಲ್ಲೇ ಮುಗಿಸಿ.

2023ರಲ್ಲಿ ತಿದ್ದುಪಡಿಯಾದ ಕೇಂದ್ರದ ನಿಯಮ ಕೂಡ ಇದನ್ನೇ ಹೇಳುತ್ತೆ. ಸ್ಮಾರ್ಟ್ ಮೀಟರ್ ಇರೋ ಮನೆಗೆ ಬಿಸಿಲಿನ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು, ಬೇಡಿಕೆ ಹೆಚ್ಚಿರೋ ಹೊತ್ತಲ್ಲಿ ಜಾಸ್ತಿ. ಕೃಷಿ ಸಂಪರ್ಕಕ್ಕೆ ಇದು ಅನ್ವಯಿಸಲ್ಲ. ನನಗನ್ನಿಸೋದು, ಇದು ಪೇಟೆಯವರಿಗಿಂತ ನಮಗೇ ಅನುಕೂಲ. ಹಗಲು ಅವರು ಆಫೀಸಲ್ಲಿರ್ತಾರೆ, ನಾವು ಮನೆ-ತೋಟದ ಹತ್ರಾನೇ ಇರ್ತೀವಿ.

ಆದರೆ ಒಂದು ಬೇಡಿಕೆ. ಯಾವ ಹೊತ್ತಿಗೆ ಯಾವ ದರ, ಎಷ್ಟು ಯೂನಿಟ್ ಆಯ್ತು ಅನ್ನೋದು ನಮ್ಮ ಫೋನಿಗೆ ಕನ್ನಡದಲ್ಲೇ ಬರಬೇಕು. ಕಾಣದ ಲೆಕ್ಕವನ್ನ ಯಾರೂ ಪಾಲಿಸಲ್ಲ.

ಅದು ಬರೋವರೆಗೆ ಕಾಯಬೇಡಿ. ಈ ವಾರವೇ ನಿಮ್ಮ ಟಿಸಿ ಮೇಲಿರೋ ಮೋಟಾರು ಎಣಿಸಿ, ಒಂದು ಗುಂಪು ಮಾಡಿ. ನಾನು ಎಣಿಸೋ ಹೊತ್ತಿಗೆ ಬೀನ್ಸ್ ಒಣಗಿತ್ತು.