ವಜೂ ಮಾಡೋಕೆ ಎಷ್ಟು ಲೀಟರ್ ನೀರು ಬೇಕು?

ಇಸ್ಲಾಂನಲ್ಲಿ ಸ್ವಚ್ಛತೆ ಅಂದ ಕೂಡಲೇ ನೆನಪಾಗೋದು ವಜೂ. ನಮಾಜಿಗೆ ಮುಂಚೆ ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ಒದ್ದೆ ಕೈಯಿಂದ ತಲೆ ಸವರಿ, ಕೊನೆಗೆ ಪಾದ ತೊಳೆಯೋದು. ಇಷ್ಟು ಬಹಳ ಜನರಿಗೆ ಗೊತ್ತು. ಆದರೆ ಎಷ್ಟು ನೀರಲ್ಲಿ ಅನ್ನೋದಕ್ಕೂ ಒಂದು ಲೆಕ್ಕ ಇದೆ. ಅದರ ಬಗ್ಗೆ ಮಾತೇ ಕಡಿಮೆ.

ಪ್ರವಾದಿಯವರು ಒಂದು ಮುದ್ದ್ ನೀರಲ್ಲಿ ವಜೂ ಮುಗಿಸ್ತಿದ್ದರು ಅಂತ ಹದೀಸ್‌ನಲ್ಲಿದೆ. ಮುದ್ದ್ ಅಂದ್ರೆ ಎರಡೂ ಕೈ ಸೇರಿಸಿದ ಬೊಗಸೆಯ ಅಳತೆ, ಹೆಚ್ಚೆಂದರೆ ಮುಕ್ಕಾಲು ಲೀಟರ್. ಸ್ನಾನಕ್ಕೆ ನಾಲ್ಕೈದು ಮುದ್ದ್, ಅಂದ್ರೆ ನಮ್ಮ ಹಾಸ್ಟೆಲ್ ಮಗ್ಗಲ್ಲಿ ಮೂರ್ನಾಲ್ಕು ಮಗ್! (ನಮ್ಮ ಫ್ಲೋರಲ್ಲಿ ಯಾರೂ ಈ ಪರೀಕ್ಷೆ ಪಾಸಾಗಲ್ಲ ಬಿಡಿ.) ಯಾವ ಅಂಗವನ್ನೂ ಮೂರು ಸಲಕ್ಕಿಂತ ಹೆಚ್ಚು ತೊಳೆಯೋ ಹಾಗಿಲ್ಲ. ನೀರೇ ಇಲ್ಲದಿದ್ರೆ ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರಿಕೊಂಡರೂ ನಡೆಯುತ್ತೆ, ಅದಕ್ಕೆ ತಯಮ್ಮುಮ್ ಅಂತಾರೆ.

ಈಗ ನಳದ ಲೆಕ್ಕ ನೋಡಿ. ನಿಮಿಷಕ್ಕೆ 5 ಲೀಟರ್ ಅಂತ ಇಟ್ಕೊಳ್ಳಿ, ಎರಡು ನಿಮಿಷ ಬಿಟ್ಟರೆ 10 ಲೀಟರ್. ಶುಕ್ರವಾರ 300 ಜನ ಬಂದರೆ 3000 ಲೀಟರ್. ಮುದ್ದ್ ಲೆಕ್ಕದಲ್ಲಿ 225 ಲೀಟರ್ ಸಾಕು. ಉಳಿದದ್ದು ಯಾರ ಮೈಯನ್ನೂ ಮುಟ್ಟದೆ ಸೀದಾ ಚರಂಡಿಗೆ.

ಗಂಗಾವತಿ ಕಡೆಯವರಿಗೆ ಇದರ ಬಿಸಿ ಬೇಗ ತಟ್ಟಬೇಕು. ಭತ್ತದ ಕಣಜ ಅಂತ ಹೆಸರು, ನಿಂತಿರೋದು ತುಂಗಭದ್ರಾ ಎಡದಂಡೆ ಕಾಲುವೆ ಮೇಲೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ, ತುಂಬಿದ್ದ ನೀರು ಹರಿದು ಹೋಗ್ತಿದೆಯಲ್ಲಾ ಅಂತ ನಾವೆಲ್ಲ ಸಂಕಟಪಟ್ಟಿದ್ದೀವಿ. ಆ ಗೇಟಿಗೂ ನಮ್ಮ ನಳಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ಗೇಟ್ ನಮ್ಮ ಕೈಲಿಲ್ಲ, ನಳ ಇದೆ.

ಧರ್ಮದ ವಿಷಯದಲ್ಲಿ ಇಂಜಿನಿಯರಿಂಗ್ ತರಬೇಡ ಅನ್ನೋರಿದ್ದಾರೆ. ಅಳತೆ ಹೇಳಿದ್ದೇ ಧರ್ಮ, ನಾನು ಗುಣಾಕಾರ ಮಾಡಿದೆ ಅಷ್ಟೇ. ಹಳೇ ಮಸೀದಿಗಳ ಹೌಜ್ ನೋಡಿ, ವಿಜಯಪುರದ ಜಾಮಿಯಾ ಮಸೀದಿ ಅಂಗಳದಲ್ಲೂ ಕೊಳ ಇದೆ. ಅಂಥ ಕಡೆ ಬೊಗಸೆಯಲ್ಲಿ ಎತ್ತಿಕೊಂಡಷ್ಟೇ ನೀರು ಖರ್ಚು. ನಳ ಬಂದ ಮೇಲೆ ಆ ಮಿತಿ ಹೋಯ್ತು.

ಒತ್ತಿದಾಗ ಮಾತ್ರ ನೀರು ಬಿಡೋ ನಳ ಹಾಕಬಹುದು. ವಜೂ ನೀರಲ್ಲಿ ಸೋಪು ಇರಲ್ಲ, ಶೌಚಾಲಯದ ಪೈಪಿಗೆ ಸೇರಿಸದೆ ಬೇರೆ ಪೈಪ್ ಹಾಕಿದರೆ ಗಿಡಗಳಿಗೆ ಹೋಗುತ್ತೆ. ಸಿವಿಲ್‌ನವರು ಮಿನಿ ಪ್ರಾಜೆಕ್ಟ್ ಮಾಡೋ ಹಾಗಿದ್ದರೆ ಹೇಳಿ, ಊರಲ್ಲಿ ಕಮಿಟಿಯವರ ಹತ್ರ ನಾನು ಮಾತಾಡ್ತೀನಿ. ಅಲ್ಲಿವರೆಗೆ ತಂಬಿಗೆ ಇದ್ದೇ ಇದೆ. ನಮ್ಮ ಮನೆಗಳಲ್ಲಿ ವಯಸ್ಸಾದವರು ಇವತ್ತಿಗೂ ಅದರಲ್ಲೇ ವಜೂ ಮಾಡೋದು, ಒಂದು ಸಲ ತುಂಬಿಸಿಕೊಂಡರೆ ಪಾದ ತೊಳೆದ ಮೇಲೂ ಸ್ವಲ್ಪ ಉಳಿದಿರುತ್ತೆ.