ಅಗ್ಗದ ಮಾತ್ರೆಯೂ ದುಬಾರಿಯಾಗುವ ಊರಿನಲ್ಲಿ

ರಕ್ತದೊತ್ತಡದ ಔಷಧಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ 2002ರಲ್ಲೇ ಗಟ್ಟಿಯಾದ ಉತ್ತರವೊಂದು ದೊರಕಿತ್ತು. ಅಮೆರಿಕ ಸರ್ಕಾರದ ನೆರವಿನ ‘ಆಲ್‌ಹ್ಯಾಟ್’ ಅಧ್ಯಯನವು ಮೂವತ್ತಮೂರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಕ್ಲೋರ್ಥಾಲಿಡೋನ್ ಎಂಬ ಹಳೆಯ, ಅಗ್ಗದ ಮೂತ್ರವರ್ಧಕವನ್ನು ಆಮ್ಲೋಡಿಪಿನ್ ಮತ್ತು ಲಿಸಿನೋಪ್ರಿಲ್‌ಗಳೊಡನೆ ಹೋಲಿಸಿತು. ಹೃದಯಾಘಾತವನ್ನು ತಡೆಯುವುದರಲ್ಲಿ ಮೂರೂ ಸಮ. ಹೃದಯ ವೈಫಲ್ಯವನ್ನು ತಡೆಯುವುದರಲ್ಲಿ ಅಗ್ಗದ್ದೇ ಮುಂದು.

ಬ್ರ್ಯಾಂಪ್ಟನ್ನಿನ ದುಡಿಯುವ ಜನಕ್ಕೆ ಆಯ್ಕೆ ಅಷ್ಟು ಸರಳವಲ್ಲ. ಮೂತ್ರವರ್ಧಕ ನುಂಗಿದ ಟ್ರಕ್ ಚಾಲಕ 401 ಹೆದ್ದಾರಿಯಲ್ಲಿ ಎಷ್ಟು ಸಲ ನಿಲ್ಲಬಲ್ಲ? ಆಮ್ಲೋಡಿಪಿನ್ ಕೆಲವರಿಗೆ ಕಾಲೂತ ತರುತ್ತದೆ, ಗೋದಾಮಿನಲ್ಲಿ ನಿಂತೇ ದುಡಿಯುವವಳಿಗೆ ಅದು ಸಣ್ಣ ಸಂಗತಿಯಲ್ಲ. ಲಿಸಿನೋಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ವೈದ್ಯರೊಡನೆ ಕುಳಿತು ಮಾತಾಡಿ ಮಾತ್ರೆ ಬದಲಿಸಿಕೊಳ್ಳಬೇಕು. ಆದರೆ 2020ರ ಜನವರಿಯಲ್ಲಿ ನಗರಸಭೆಯೇ ಆರೋಗ್ಯ ತುರ್ತುಸ್ಥಿತಿ ಘೋಷಿಸಿದ ಊರಿದು.

ಇಲ್ಲಿ ವೈದ್ಯರ ಭೇಟಿ ಉಚಿತ, ಮಾತ್ರೆ ಅಲ್ಲ. 65 ತುಂಬಿದವರಿಗೆ ಒಂಟಾರಿಯೋದ ಔಷಧ ಯೋಜನೆಯಿದೆ. ಏಜೆನ್ಸಿಯ ಮೂಲಕ ಕೆಲಸಕ್ಕೆ ಹೋಗುವ ನಲವತ್ತರ ಕಾರ್ಮಿಕನಿಗೆ ಎಷ್ಟೋ ಬಾರಿ ಉದ್ಯೋಗದ ವಿಮೆಯೂ ಇರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಂಗೀಕಾರವಾದ ಒಕ್ಕೂಟದ ಫಾರ್ಮಾಕೇರ್ ಕಾಯ್ದೆ ಮೊದಲ ಹಂತಕ್ಕೆ ಗರ್ಭನಿರೋಧಕ ಮತ್ತು ಮಧುಮೇಹದ ಔಷಧಗಳನ್ನಷ್ಟೇ ಆರಿಸಿಕೊಂಡಿತು. ವಿಮೆಯ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡ ನಾವು ನಮ್ಮ ಸಂಸದರಿಗೆ ಬರೆಯುವ ಪತ್ರದಲ್ಲಿ ಈ ಮೂರು ಮಾತ್ರೆಗಳ ಹೆಸರಿರಲಿ.